ಟೊಮೇಟೊ ಹೂವಿಗೆ ತಂಪು ರಾತ್ರಿ ಬೇಕು

ಒಂದು ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರಿನ ಮನೆಯ ತಾರಸಿಯ ಮೇಲೆ ನಾಲ್ಕು ಟೊಮೇಟೊ ಗಿಡ ಸೊಂಟದೆತ್ತರ ಬೆಳೆದು ನಿಂತಿದ್ದವು. ಮೈತುಂಬ ಹಳದಿ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ದಿನಾ ಬೆಳಿಗ್ಗೆ ಕುಂಡದ ಸುತ್ತ ಉದುರಿದ ಹೂ ಗುಡಿಸುವುದೇ ಕೆಲಸ. ನೀರು ಸಾಲದೇನೋ ಎಂದು ಎರಡು ಹೊತ್ತು ಹಾಕಿದೆ, ಎರೆಗೊಬ್ಬರ ಸುರಿದೆ. ಗಿಡ ಇನ್ನಷ್ಟು ದಟ್ಟವಾಯಿತೇ ಹೊರತು ಕಾಯಿ ಕಚ್ಚಲಿಲ್ಲ.

ಉದುರಿದ ಹೂವೊಂದನ್ನು ಎತ್ತಿ ನೋಡಿದರೆ ಅದರ ಜೊತೆ ಅರ್ಧ ತೊಟ್ಟು ಮಾತ್ರ ಬಂದಿರುತ್ತದೆ. ತೊಟ್ಟಿನ ನಡುವೆ ಬೆರಳ ಗೆಣ್ಣಿನಂಥ ಸಣ್ಣ ಉಬ್ಬೊಂದಿದೆ. ಸಂತೆಯಲ್ಲಿ ಕೊಂಡ ಹಣ್ಣಿನ ತೊಟ್ಟಲ್ಲೂ ಎಷ್ಟೋ ಸಲ ಕಾಣಸಿಗುತ್ತದೆ. ಹೂವಿನ ಕಡೆಯಿಂದ ಆಕ್ಸಿನ್ ಎಂಬ ಹಾರ್ಮೋನು ಇಳಿದು ಬರುತ್ತಿರುವಷ್ಟು ದಿನ ಆ ಗೆಣ್ಣು ಗಟ್ಟಿ. ಅದು ನಿಂತಿತೋ, ಗೆಣ್ಣಿನ ಜೀವಕೋಶಗಳ ನಡುವಿನ ಬೆಸುಗೆ ಸಡಿಲಿ ಹೂವು ಕಳಚುತ್ತದೆ. ಬಸಿರು ನಿಲ್ಲದ ಹೂವನ್ನು ಗಿಡವೇ ಕೈಬಿಡುತ್ತದೆ.

ಬಸಿರು ನಿಲ್ಲದ್ದೇಕೆ? ಪರಾಗ ರೂಪುಗೊಳ್ಳುವುದು ಹೂವು ಅರಳುವುದಕ್ಕೆ ಒಂದು, ಒಂದೂವರೆ ವಾರ ಮುಂಚೆ, ಮೊಗ್ಗಿನೊಳಗೆ. ಆ ಹೊತ್ತಿಗೆ ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 21ಕ್ಕಿಂತ ಕೆಳಗಿಳಿಯದೆ ದಿನಗಟ್ಟಲೆ ಸೆಕೆ ಹಿಡಿದರೆ ಪರಾಗದಲ್ಲಿ ಜೊಳ್ಳೇ ಹೆಚ್ಚು. ಇವತ್ತು ಉದುರಿದ ಹೂವಿಗೆ ಪೆಟ್ಟು ಬಿದ್ದದ್ದು ಹೋದ ವಾರ. ಇವತ್ತು ನೀರು ಹಾಕಿ ಏನು ಬಂತು? ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯಿಂದ ಬಂದ ಈ ಗಿಡಕ್ಕೆ 15ರಿಂದ 20 ಡಿಗ್ರಿಯ ರಾತ್ರಿ ಹಿತ. ತಾರಸಿಯಲ್ಲಿ ಇನ್ನೊಂದು ಪೇಚು: ಹಗಲಿಡೀ ಕಾದ ಕಾಂಕ್ರೀಟು ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಹವಾಮಾನ ವರದಿಯ ಅಂಕಿ ಕುಂಡದ ಪಕ್ಕಕ್ಕೆ ಹೊಂದುವುದಿಲ್ಲ.

ಹಾಗಾಗಿ ನಾನೀಗ ಹೂವಿನಿಂದ ಹಿಂದಕ್ಕೆ ಎಣಿಸುತ್ತೇನೆ. ಬೆಂಗಳೂರು, ಮೈಸೂರಿನ ಕಡೆ ನವೆಂಬರ್ ನಡುವಿನಿಂದ ಜನವರಿವರೆಗೆ ರಾತ್ರಿ ಹದವಾಗಿರುತ್ತದೆ. ನೆಟ್ಟ ಸಸಿ ಹೂ ಬಿಡಲು ಸುಮಾರು 30 ದಿನ. ಬೀಜ ಸಸಿಯಾಗಲು 25–30 ದಿನ. ಲೆಕ್ಕ ಸೆಪ್ಟೆಂಬರ್ ನಡುವಿಗೆ ಬಂದು ನಿಲ್ಲುತ್ತದೆ. ಉತ್ತರೆ ಮಳೆಗೆ ಬೀಜ, ಚಿತ್ತೆ ಮಳೆಗೆ ಸಸಿ. ಹೂವಿನಿಂದ ಹಣ್ಣಿಗೆ ಇನ್ನೊಂದೂವರೆ ತಿಂಗಳು, ಸಂಕ್ರಾಂತಿ ಹೊತ್ತಿಗೆ ಸಾರಿಗೆ ಮನೆಯದೇ ಹಣ್ಣು. ಮಂಗಳೂರಿನವರು ಒಂದು ತಿಂಗಳು ತಡೆಯಲಿ; ಅಲ್ಲಿ ರಾತ್ರಿ ಕೊಂಚವಾದರೂ ತಂಪಾಗುವುದು ಡಿಸೆಂಬರ್, ಜನವರಿಯಲ್ಲೇ.

ಚಿತ್ತೆ, ಸ್ವಾತಿ ಮಳೆ ಜಿಟಿಜಿಟಿ ಹಿಡಿದರೆ ಅಂಗಮಾರಿ ಬರಬಹುದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ ರೋಗಾಣುವೇ ಇದು. ಕುಂಡಗಳ ನಡುವೆ ಗಾಳಿ ಆಡಲಿ, ನೀರು ಬುಡಕ್ಕಷ್ಟೇ ಬೀಳಲಿ. ಬೇಸಿಗೆಯ ಕಾಟ ಬೇರೆ: ಬಿಳಿ ನೊಣ ತರುವ ಎಲೆ ಮುದುರು ರೋಗ. ಅದನ್ನು ತಡೆಯುವ ಅರ್ಕಾ ರಕ್ಷಕ್ ತಳಿಯನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟಿದೆ. ಆದರೆ ರೋಗ ತಡೆಯುವ ಗುಣಕ್ಕೂ ಸೆಕೆ ತಡೆಯುವ ಗುಣಕ್ಕೂ ನಂಟಿಲ್ಲ. ಬಣ್ಣದ ಮಾತೂ ಇದೆ: 30 ಡಿಗ್ರಿ ದಾಟಿದ ಮೇಲೆ ಕೆಂಪು ಕೊಡುವ ಲೈಕೋಪೀನ್ ಸರಿಯಾಗಿ ಕೂಡುವುದಿಲ್ಲ, ಬೇಸಿಗೆ ಹಣ್ಣು ಕಿತ್ತಳೆಗೇ ನಿಂತುಬಿಡುತ್ತದೆ.

ತಂಪು ಹಿಡಿದ ಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗೆ, ಇಬ್ಬನಿ ಆರಿದ ಹೂಗೊಂಚಲಿಗೆ ಬೆರಳಿಂದ ಮೆಲ್ಲಗೆ ತಟ್ಟಿ. ಟೊಮೇಟೊ ಪರಾಗ ಕೊಳವೆಯಂಥ ಗೂಡಿನೊಳಗಿದೆ, ಅದುರಿದರಷ್ಟೇ ಉದುರುತ್ತದೆ. ಬಯಲಲ್ಲಿ ಕೆಲವು ದುಂಬಿಗಳು ಗುಂಯ್‌ಗುಟ್ಟಿ ಉದುರಿಸುತ್ತವೆ. ಕೆಳಗೆ ಕಪ್ಪು ಕಾಗದ ಹಿಡಿದು ತಟ್ಟಿದರೆ ಹಿಟ್ಟಿನಂಥ ಪರಾಗ ಕಣ್ಣಿಗೇ ಕಾಣುತ್ತದೆ.