ಟೆಸ್ಟ್ ಪಾಸ್ ಆದರೂ ಬಗ್ ಹೋಗದೇಕೆ? ಗಿಟ್ ಲೈಬ್ರರಿಗಳ ಹಿಂದಿನ ಕತೆ

ಫೋಲ್ಡರ್ ಒಂದೇ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನು ಕೇಳೋಣ ಎಂದು ಟರ್ಮಿನಲ್‌ನಲ್ಲಿ ಗಿಟ್ ಸ್ಟೇಟಸ್ ಕೊಟ್ಟರೆ ಒಂದು ಫೈಲ್ ಬದಲಾಗಿದೆ ಅನ್ನುತ್ತದೆ. ಪಕ್ಕದಲ್ಲೇ ತೆರೆದಿರುವ ಎಡಿಟರ್ ಮಾತ್ರ ಏನೂ ಬದಲಾಗಿಲ್ಲ ಎಂದು ಸುಮ್ಮನೆ ಕೂತಿರುತ್ತದೆ. ಯಾವುದನ್ನು ನಂಬುವುದು? ಎಡಿಟರ್ ಮುಚ್ಚಿ ತೆರೆದರೆ ಸರಿಹೋಗುತ್ತದೆ, ಹಾಗಾಗಿ ಹೆಚ್ಚಿನವರು ಅಷ್ಟಕ್ಕೇ ಬಿಡುತ್ತಾರೆ. ಬಿಡದ ಒಬ್ಬಿಬ್ಬರು ಬಗ್ ವರದಿ ಹಾಕುತ್ತಾರೆ. ‘ನನ್ನ ಮೆಷಿನ್‌ನಲ್ಲಿ ಬರ್ತಿಲ್ಲ’ ಎಂದು ಒಬ್ಬರು, ‘ಅದಕ್ಕೆ ಟೆಸ್ಟ್ ಇದೆ, ಪಾಸ್ ಆಗ್ತಿದೆ’ ಎಂದು ಇನ್ನೊಬ್ಬರು. ಕೊನೆಗೆ ತಪ್ಪು ಕೋಡ್‌ನಲ್ಲಿದೆಯೋ, ಆ ಕೋಡನ್ನು ಪರೀಕ್ಷಿಸಲು ಬರೆದ ಟೆಸ್ಟ್‌ನಲ್ಲಿದೆಯೋ ಎಂಬುದೇ ತಿಳಿಯದಂತಾಗುತ್ತದೆ. ಇದರ ಗಂಟು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೋಡ್ ಬದಲಾವಣೆಗಳ ಲೆಕ್ಕ ಇಡುವ ಇಂಥ ಸಾಧನಗಳ ಮೊದಲ ಮೂವತ್ತು ವರ್ಷಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: 1972ರಲ್ಲಿ ಬೆಲ್ ಲ್ಯಾಬ್ಸ್‌ನ ಎಸ್‌ಸಿಸಿಎಸ್, 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಆರ್‌ಸಿಎಸ್, 1986ರಲ್ಲಿ ಅದರ ಮೇಲೆ ಶೆಲ್ ಸ್ಕ್ರಿಪ್ಟ್‌ಗಳನ್ನು (ಕಮ್ಯಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್‌ಗಳನ್ನು) ಜೋಡಿಸಿ ಮಾಡಿದ ಸಿವಿಎಸ್, 2000ದಲ್ಲಿ ಶುರುವಾಗಿ 2004ರಲ್ಲಿ 1.0 ಆದ ಸಬ್‌ವರ್ಷನ್. ಈ ಸಾಲಿನಲ್ಲಿ ಸಬ್‌ವರ್ಷನ್ ಮೊದಲಿನಿಂದಲೇ ಲೈಬ್ರರಿಗಳ, ಅಂದರೆ ಬೇರೆ ಪ್ರೋಗ್ರಾಂಗಳೂ ತಮ್ಮೊಳಗೆ ಸೇರಿಸಿಕೊಂಡು ಬಳಸಬಹುದಾದ ಕೋಡ್‌ನ, ಗುಂಪಾಗಿ ಬೆಳೆಯಿತು. ನಾವು ಬಳಸುವ ಕಮ್ಯಾಂಡ್ ಆ ಲೈಬ್ರರಿಗಳ ಮೇಲಿನ ತೆಳು ಪದರ ಅಷ್ಟೆ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ ಗಿಟ್ ಹಾಗಿರಲಿಲ್ಲ.

ಗಿಟ್ ಹುಟ್ಟಿದ್ದು ತುರ್ತಿನಲ್ಲಿ. ಲಿನಕ್ಸ್ ಕರ್ನಲ್‌ನವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದ್ದೇ ಸಾಧನ ಉಚಿತವಾಗಿ ಸಿಗುವುದು ಆಗಷ್ಟೇ ನಿಂತಿತ್ತು. ಚಿಕ್ಕಚಿಕ್ಕ ಕಮ್ಯಾಂಡ್‌ಗಳು. ಒಂದೊಂದೂ ಶುರುವಾಗುತ್ತದೆ, ತನ್ನ ಕೆಲಸ ಮುಗಿಸುತ್ತದೆ, ಹೋಗುತ್ತದೆ. ನಡುವೆ ತೊಂದರೆಯಾದರೆ ‘ಡೈ’ ಎಂಬ ಫಂಕ್ಷನ್ ಇದೆ. ಅದು ಒಂದು ಸಾಲಿನ ಸಂದೇಶ ಕೊಟ್ಟು, ಹೆಸರಿಗೆ ತಕ್ಕಂತೆ, ಪ್ರಾಣ ಬಿಡುತ್ತದೆ. ಪಡೆದ ಮೆಮೊರಿಯನ್ನು ವಾಪಸ್ ಕೊಡುವ ಚಿಂತೆಯೂ ಅಷ್ಟಾಗಿ ಇರಲಿಲ್ಲ. ಪ್ರೋಸೆಸ್ ಮುಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಗುಡಿಸಿಕೊಳ್ಳುತ್ತದಲ್ಲ! ಕಮ್ಯಾಂಡ್‌ಗೆ ಈ ಪದ್ಧತಿ ಸರಿಯೇ. ಆದರೆ ಇದೇ ಕೋಡನ್ನು ಎಡಿಟರ್ ಒಳಗೋ, ಸಾವಿರಾರು ರೆಪೊ (ಕೋಡ್ ಮತ್ತು ಅದರ ಬದಲಾವಣೆಗಳ ಚರಿತ್ರೆ ಇರುವ ಸಂಗ್ರಹ) ಇರುವ ಸರ್ವರ್ ಒಳಗೋ ಕೂರಿಸಿದರೆ, ಗಿಟ್ ಕೂಡಿಟ್ಟ ಮಾಹಿತಿಯ ಒಂದು ಹಾಳಾದ ತುಣುಕು ಸಿಕ್ಕ ಕೂಡಲೇ ಇಡೀ ಪ್ರೋಗ್ರಾಂ ಸಾಯುತ್ತದೆ.

ಇದಕ್ಕೆ ಜನ ಎರಡು ದಾರಿ ಹಿಡಿದರು. ಒಂದು, ಎಲ್ಲವನ್ನೂ ಹೊಸದಾಗಿ ಬರೆಯುವುದು. ಜಾವಾದಲ್ಲಿ ಜೆಗಿಟ್, ಪೈಥಾನ್‌ನಲ್ಲಿ ಡಲಿಚ್, ಸಿ ಭಾಷೆಯಲ್ಲಿ ಲಿಬ್‌ಗಿಟ್2 ಬಂದದ್ದು ಹೀಗೆ. ಲಿಬ್‌ಗಿಟ್2 ಶುರುವಾದದ್ದು 2008ರಲ್ಲಿ. 2010ರ ಗೂಗಲ್ ಸಮ್ಮರ್ ಆಫ್ ಕೋಡ್ ಯೋಜನೆಯಲ್ಲಿ ಅದಕ್ಕೆ ವೇಗ ಬಂತು, 1.0 ಆಗಲು 2020 ಬರಬೇಕಾಯಿತು. ಇನ್ನೊಂದು ದಾರಿ, ಗಿಟ್ ಕಮ್ಯಾಂಡನ್ನೇ ಹಿಂದಿನಿಂದ ಓಡಿಸಿ ಅದು ಹೇಳಿದ್ದನ್ನು ಓದಿಕೊಳ್ಳುವುದು. ಗಿಟ್‌ಪೈಥಾನ್ ಬಹುಮಟ್ಟಿಗೆ ಹೀಗೆ ನಡೆಯುತ್ತದೆ.

ಎರಡನೆಯದು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಮನುಷ್ಯರು ಓದಲೆಂದು ಬರೆದ ಸಂದೇಶವನ್ನು ಪ್ರೋಗ್ರಾಂ ಓದಬೇಕು. ಸಿಸ್ಟಂನ ಭಾಷೆ ಬೇರೆಯಾದರೆ ಸಂದೇಶವೂ ಬೇರೆ. ಹೊರಗಿನಿಂದ ಬಂದ ಹೆಸರು ಅಡ್ಡಗೆರೆಯಿಂದ ಶುರುವಾದರೆ ಗಿಟ್ ಅದನ್ನು ಆಪ್ಷನ್ ಎಂದುಕೊಳ್ಳುತ್ತದೆ. 2022ರಲ್ಲಿ ಗಿಟ್‌ಪೈಥಾನ್‌ನಲ್ಲಿ ಇಂಥದ್ದೇ ಜಾಗದಲ್ಲಿ ತೂತು ಸಿಕ್ಕಿತು: ಕ್ಲೋನ್ ಮಾಡಲು, ಅಂದರೆ ರೆಪೊದ ಪ್ರತಿ ತೆಗೆಯಲು, ಕೊಟ್ಟ ವಿಳಾಸದ ಮೂಲಕವೇ ಬೇರೆ ಕಮ್ಯಾಂಡ್ ಓಡಿಸಬಹುದಿತ್ತು. ಅದನ್ನು ಮುಚ್ಚಿದರು, ಟೆಸ್ಟ್ ಸೇರಿಸಿದರು. 2023ರಲ್ಲಿ ಅದೇ ತೂತಿನ ಇನ್ನೊಂದು ಬಾಯಿ ಕಂಡಿತು. ಆಪ್ಷನ್ ಕೊಡಲು ಎರಡು ದಾರಿಗಳಿದ್ದವು, ಮುಚ್ಚಿದ್ದು ಒಂದನ್ನು. ಇಂಥ ಎಡವಟ್ಟು ಎಲ್ಲ ಕಡೆ ಆಗುತ್ತದೆ. ಪ್ಯಾಚ್ (ತಿದ್ದುಪಡಿ) ಬರೆದವರ ಮನಸ್ಸಿಗೆ ಏನು ಹೊಳೆಯಿತೋ, ಅವರ ಟೆಸ್ಟ್‌ಗೂ ಅಷ್ಟೇ ಹೊಳೆಯುವುದು.

ಮೊದಲ ದಾರಿಯ ಕಷ್ಟವೇ ಬೇರೆ. ಫೈಲ್ ಫಾರ್ಮ್ಯಾಟ್‌ಗಳ ವಿವರ ಬರೆದಿಟ್ಟಿದ್ದಾರೆ, ನಿಜ. ಆದರೆ ಗಿಟ್ ಯಾವ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಪೂರ್ತಿಯಾದ ನಿಯಮ ಪುಸ್ತಕ ಇಲ್ಲ. ಗಿಟ್ ಏನು ಮಾಡುತ್ತದೋ ಅದೇ ನಿಯಮ. ಹಾಗಾಗಿ ಲೈಬ್ರರಿ ಬರೆಯುವವರು ಕಡೆಗೆ ಹೋಗಿ ನೋಡುವುದು ಗಿಟ್‌ನ ಟೆಸ್ಟ್‌ಗಳನ್ನು. ‘ಟಿ’ ಎಂಬ ಫೋಲ್ಡರ್‌ನಲ್ಲಿ ನಾಲ್ಕು ಅಂಕಿಗಳ ಹೆಸರು ಹೊತ್ತ ಶೆಲ್ ಸ್ಕ್ರಿಪ್ಟ್‌ಗಳ ದೊಡ್ಡ ರಾಶಿ ಅದು.

ಆ ರಾಶಿಯೂ ಪೂರ್ತಿ ನಂಬಿಕೆಗೆ ಯೋಗ್ಯವಾಗಿರಲಿಲ್ಲ. ಒಂದು ಟೆಸ್ಟ್‌ನಲ್ಲಿ ಐದಾರು ಸಾಲು ಇರುತ್ತವೆ. ಪ್ರತಿ ಸಾಲಿನ ಕೊನೆಗೆ ಎರಡು ಆಂಪರ್ಸ್ಯಾಂಡ್ ಹಾಕಿ ಮುಂದಿನದಕ್ಕೆ ಕಟ್ಟಬೇಕು. ಹಾಗೆ ಕಟ್ಟಿದರೆ ನಡುವಿನ ಯಾವ ಸಾಲು ಸೋತರೂ ಟೆಸ್ಟ್ ಸೋಲುತ್ತದೆ. ಒಂದು ಕಡೆ ಮರೆತರೆ? ಅದರ ಮೇಲಿನ ಸಾಲುಗಳು ಸೋತರೂ ಯಾರೂ ಕೇಳುವುದಿಲ್ಲ, ಕೆಳಗಿನ ಸಾಲುಗಳು ಗೆದ್ದರೆ ಸಾಕು, ಪಾಸ್. 2015ರಲ್ಲಿ ಇದಕ್ಕೊಂದು ಚಂದದ ಉಪಾಯ ಬಂತು. ಟೆಸ್ಟ್ ಓಡಿಸುವ ಮೊದಲು ಅದರ ತಲೆಗೆ ‘117 ಎಂಬ ಸಂಖ್ಯೆ ಕೊಟ್ಟು ಸೋಲು’ ಎಂಬ ಒಂದು ಸಾಲು ಕಟ್ಟಿ ಓಡಿಸುವುದು. ಸರಪಳಿ ಗಟ್ಟಿಯಿದ್ದರೆ ಮೊದಲ ಸಾಲಿನಲ್ಲೇ ನಿಂತು 117 ವಾಪಸ್ ಬರುತ್ತದೆ. ಬೇರೆ ಸಂಖ್ಯೆ ಬಂದರೆ ಎಲ್ಲೋ ಕೊಂಡಿ ಕಳಚಿದೆ ಎಂದರ್ಥ. ಹುಡುಕಿದಾಗ ಕಳಚಿದ ಕೊಂಡಿಗಳು ಬೇಕಾದಷ್ಟು ಸಿಕ್ಕವು. ಅವೆಲ್ಲ ವರ್ಷಗಟ್ಟಲೆ ಪಾಸ್ ಆಗುತ್ತಿದ್ದ ಟೆಸ್ಟ್‌ಗಳೇ.

ಈಗ ಶುರುವಿನಲ್ಲಿ ಹೇಳಿದ ಎಡಿಟರ್ ವಿಷಯಕ್ಕೆ ಬರೋಣ. ಈ ಭಾಗದ ಮೇಲೆ ನನಗೆ ಸ್ವಲ್ಪ ಜಾಸ್ತಿ ಮೋಹ, ಕ್ಷಮಿಸಿ. ಗಿಟ್ ಬಳಗದಲ್ಲಿ ಇದಕ್ಕೆ ‘ರೇಸಿ ಗಿಟ್’ ಎನ್ನುತ್ತಾರೆ.

ಯಾವ ಫೈಲ್ ಬದಲಾಗಿದೆ ಎಂದು ನೋಡಲು ಗಿಟ್ ಎಲ್ಲ ಫೈಲ್‌ಗಳನ್ನೂ ಓದುತ್ತಾ ಕೂರುವುದಿಲ್ಲ. ಇಂಡೆಕ್ಸ್ ಎಂಬ ಫೈಲ್‌ನಲ್ಲಿ ಪ್ರತಿಯೊಂದರ ಅಳತೆ, ಕೊನೆಗೆ ಬದಲಾದ ಸಮಯ ಇತ್ಯಾದಿ ಬರೆದಿಟ್ಟುಕೊಂಡಿರುತ್ತದೆ. ಅವು ಹೊಂದಿದರೆ ಫೈಲ್ ಬದಲಾಗಿಲ್ಲ ಎಂದು ಮುಂದೆ ಹೋಗುತ್ತದೆ. ಈಗ ಒಂದು ಫೈಲ್‌ನಲ್ಲಿ ‘10’ ಎಂದು ಬರೆಯಿರಿ, ಇಂಡೆಕ್ಸ್‌ಗೆ ಸೇರಿಸಿ, ತಕ್ಷಣ ಅದನ್ನು ‘20’ ಮಾಡಿ. ಎಲ್ಲವೂ ಒಂದೇ ಸೆಕೆಂಡಿನೊಳಗೆ ಮುಗಿಯಿತು ಅಂದುಕೊಳ್ಳಿ. ಅಳತೆ ಆಗಲೂ ಎರಡು ಅಕ್ಷರ, ಈಗಲೂ ಎರಡು. ಸಮಯವೂ ಅದೇ ಸೆಕೆಂಡ್. ಇಂಡೆಕ್ಸ್ ನೋಡಿದರೆ ಫೈಲ್ ಬದಲಾಗಿಯೇ ಇಲ್ಲ!

ಗಿಟ್ ಇದಕ್ಕೆ ಮಾಡಿಕೊಂಡ ಪರಿಹಾರದಲ್ಲಿ ಎರಡು ತುಂಡುಗಳಿವೆ. ಫೈಲ್‌ನ ಸಮಯ ಇಂಡೆಕ್ಸ್ ಬರೆದ ಸಮಯದಷ್ಟೇ ಅಥವಾ ಅದಕ್ಕಿಂತ ಈಚಿನದಾಗಿದ್ದರೆ ಅದನ್ನು ನಂಬದೆ ಒಳಗಿರುವುದನ್ನೇ ಓದಿ ನೋಡುವುದು, ಇದು ಮೊದಲನೆಯದು. ಆದರೆ ಮುಂದೆ ಇನ್ಯಾವುದೋ ಕೆಲಸಕ್ಕೆ ಇಂಡೆಕ್ಸನ್ನು ಮತ್ತೆ ಬರೆದಾಗ ಅದರ ಸಮಯ ಮುಂದಕ್ಕೆ ಹೋಗುತ್ತದೆ. ಆಗ ಅನುಮಾನ ಪಡಲು ಕಾರಣವೇ ಉಳಿಯುವುದಿಲ್ಲ. ಅದಕ್ಕೇ ಎರಡನೇ ತುಂಡು: ಮತ್ತೆ ಬರೆಯುವಾಗ ಇಂಥ ಫೈಲ್ ನಿಜವಾಗಿ ಬದಲಾಗಿದ್ದರೆ, ಅದರ ಅಳತೆಯನ್ನು ಸೊನ್ನೆ ಎಂದು ಬರೆದುಬಿಡುವುದು. ಇನ್ನು ಮುಂದೆ ಅಳತೆ ಹೊಂದುವುದೇ ಇಲ್ಲ, ಓದಲೇಬೇಕು.

ಹೊಸದಾಗಿ ಬರೆಯುವ ಲೈಬ್ರರಿಗೆ ಮೊದಲ ತುಂಡು ಬೇಗ ಕಾಣುತ್ತದೆ. ಎರಡನೆಯದು ಕಾಣುವುದು ಏಟು ತಿಂದ ಮೇಲೆ. ಏಟು ಕೊಡುವವರು ಹೆಚ್ಚಾಗಿ ಟೆಸ್ಟ್‌ಗಳೇ, ಯಾಕೆಂದರೆ ಒಂದು ಸೆಕೆಂಡಿನೊಳಗೆ ಫೈಲ್ ಬರೆದು, ಸೇರಿಸಿ, ಮತ್ತೆ ಬದಲಿಸುವ ವೇಗ ಮನುಷ್ಯರ ಕೈಗಿಲ್ಲ. ಅದೇ ಟೆಸ್ಟ್ ನೂರು ಸಲ ಪಾಸ್ ಆಗಿ ನೂರಾ ಒಂದನೇ ಸಲ ಫೇಲ್ ಆಗುತ್ತದೆ. ಆಗ ಏನು ಮಾಡುತ್ತಾರೆ? ನಡುವೆ ಒಂದು ಸೆಕೆಂಡ್ ಸ್ಲೀಪ್ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಇನ್ನೂರು ಕಡೆ ಹಾಕಿದರೆ ಮೂರು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ಕಾಯುವುದು. ಸಮಯವನ್ನು ಎರಡು ಸೆಕೆಂಡಿಗೊಮ್ಮೆ ಎಣಿಸುವ ಫ್ಯಾಟ್ ಫೈಲ್ ಸಿಸ್ಟಂನಲ್ಲಿ ಆ ಒಂದು ಸೆಕೆಂಡೂ ಸಾಲದು. ಅದಕ್ಕಿಂತ ಕೆಟ್ಟದ್ದೆಂದರೆ, ಸ್ಲೀಪ್ ಹಾಕಿದ ಮೇಲೆ ಟೆಸ್ಟ್ ಆ ಬಗ್ ಇರುವ ಜಾಗಕ್ಕೆ ಹೋಗುವುದೇ ಇಲ್ಲ. ಟೆಸ್ಟ್ ಸರಿಯಾಯಿತು, ಲೈಬ್ರರಿ ಹಾಗೇ ಉಳಿಯಿತು.

ಸರಿಯಾದ ದಾರಿ, ಸಮಯವನ್ನು ನಾವೇ ಹಿಡಿದು ಸರಿಸುವುದು. ಗಿಟ್‌ನ ಟೆಸ್ಟ್ ಸಲಕರಣೆಗಳಲ್ಲಿ ಫೈಲ್‌ನ ಸಮಯ ತಿದ್ದುವ ಒಂದು ಪುಟ್ಟ ಕಮ್ಯಾಂಡ್ ಇದೆ. ಲಿಬ್‌ಗಿಟ್2 ಟೆಸ್ಟ್‌ಗಳಲ್ಲೂ ಇಂಡೆಕ್ಸ್‌ನ ಸಮಯ ಸರಿಸುವ ಫಂಕ್ಷನ್ ಇದೆ. ಹಾಗೆ ಮಾಡಿದರೆ ಆ ಕೆಟ್ಟ ಗಳಿಗೆಯನ್ನು ಪ್ರತಿ ಸಲವೂ ಬೇಕೆಂದೇ ತರಬಹುದು. ಜೆಗಿಟ್‌ನವರು 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಡಿಸ್ಕ್ ಎಷ್ಟು ಸೂಕ್ಷ್ಮವಾಗಿ ಸಮಯ ಬರೆಯುತ್ತದೆ ಎಂದು ಅಳೆದು ಸೆಟ್ಟಿಂಗ್‌ನಲ್ಲಿ ಬರೆದಿಡುವ ವ್ಯವಸ್ಥೆ ಮಾಡಿದರು. ಕಮಿಟ್‌ಗಳ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳ) ಸಮಯಕ್ಕೆ ಗಿಟ್ ಟೆಸ್ಟ್‌ಗಳಲ್ಲಿ ನಕಲಿ ಗಡಿಯಾರ ಇದೆ, ಯಾಕೆಂದರೆ ಸಮಯ ಬದಲಾದರೆ ಕಮಿಟ್‌ನ ಹ್ಯಾಶ್, ಅಂದರೆ ಅದನ್ನು ಗುರುತಿಸುವ ಉದ್ದದ ಸಂಕೇತ, ಬದಲಾಗುತ್ತದೆ. ಆ ಗಡಿಯಾರ ಶುರುವಾಗುವುದು 1112911993ರಿಂದ; ಕಂಪ್ಯೂಟರ್‌ಗಳು 1970ರಿಂದ ಎಣಿಸುವ ಸೆಕೆಂಡ್‌ಗಳು ಅವು. ಲೆಕ್ಕ ಹಾಕಿದರೆ 2005ರ ಏಪ್ರಿಲ್ 7, ಗಿಟ್‌ನ ಮೊಟ್ಟಮೊದಲ ಕಮಿಟ್ ಆದ ಗಳಿಗೆ. ಅಲ್ಲಿಂದ ಒಂದೊಂದು ಸಲಕ್ಕೂ 60 ಸೆಕೆಂಡ್ ಮುಂದೆ.

ಮಿಕ್ಕ ಕತೆ ಬೇಗ ಹೇಳಬಹುದು. 2014ರ ಡಿಸೆಂಬರ್‌ನಲ್ಲಿ ಗಿಟ್, ಲಿಬ್‌ಗಿಟ್2, ಜೆಗಿಟ್ ಎಲ್ಲಕ್ಕೂ ಒಟ್ಟಿಗೇ ತುರ್ತು ರಿಲೀಸ್ ಬಂತು. ಗಿಟ್ ತನ್ನ ಲೆಕ್ಕಪತ್ರ ಇಡುವ ಡಾಟ್ ಗಿಟ್ ಎಂಬ ಫೋಲ್ಡರ್ ಒಳಗೆ ಯಾರೂ ಫೈಲ್ ತೂರಿಸಬಾರದು ಎಂಬ ತಪಾಸಣೆ ಇತ್ತು, ಆದರೆ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ ಅದು ದಾಟಿಕೊಂಡು ಹೋಗುತ್ತಿತ್ತು. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಎರಡೂ ಒಂದೇ ಫೋಲ್ಡರ್. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಂ ಕೆಲವು ಕಾಣದ ಯೂನಿಕೋಡ್ ಅಕ್ಷರಗಳನ್ನು ನುಂಗಿಬಿಡುತ್ತಿತ್ತು, ಅದು ಇನ್ನೊಂದು ದಾರಿ. ಮೊದಲು ಗಮನಿಸಿದ್ದು ಪಕ್ಕದ ಮನೆಯವರು, ಗಿಟ್‌ನಂಥದ್ದೇ ಸಾಧನವಾದ ಮರ್ಕ್ಯುರಿಯಲ್‌ನ ತಂಡದವರು. ಲಿನಕ್ಸ್‌ನಲ್ಲಿ ಮಾತ್ರ ಓಡುವ ಟೆಸ್ಟ್‌ಗೆ ಇದು ಕಾಣುವ ಹಾಗೇ ಇರಲಿಲ್ಲ. ಇದೇ ಹೆಸರಿನ ತಾಪತ್ರಯ ಟೆಸ್ಟ್‌ಗಳಿಗೂ ಇದೆ ಎಂಬುದು ತಮಾಷೆ: ಡಾಟ್ ಗಿಟ್ ಎಂಬ ಫೋಲ್ಡರನ್ನು ಗಿಟ್ ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ ಲಿಬ್‌ಗಿಟ್2ರ ಮಾದರಿ ರೆಪೊಗಳಲ್ಲಿ ಅದರ ಹೆಸರು ‘ಡಾಟ್ ಗಿಟೆಡ್’. ಟೆಸ್ಟ್ ಶುರುವಾದಾಗ ಹೆಸರು ಬದಲಿಸಿ ಬಳಸುತ್ತಾರೆ.

ಆಮೇಲೆ ಏಟು ಬಿದ್ದದ್ದು ಟೆಸ್ಟ್ ಓಡುವ ಪರಿಸರದ ಕಡೆಯಿಂದ. 2020ರಲ್ಲಿ ಮೊದಲ ಬ್ರಾಂಚ್‌ನ (ಕೋಡ್ ಬೆಳೆಯುವ ಕವಲಿನ) ಹೆಸರನ್ನು ಬಳಕೆದಾರರೇ ಆರಿಸುವ ಸೆಟ್ಟಿಂಗ್ ಬಂತು. ‘ಮಾಸ್ಟರ್’ ಎಂದೇ ನಂಬಿ ಬರೆದಿದ್ದ ಟೆಸ್ಟ್‌ಗಳು ‘ಮೇನ್’ ಇಟ್ಟುಕೊಂಡವರ ಮೆಷಿನ್‌ನಲ್ಲಿ ಬಿದ್ದವು. ಅದೇ ವರ್ಷ ಹ್ಯಾಶ್ ಲೆಕ್ಕ ಹಾಕುವ ಹೊಸ ವಿಧಾನ ಶಾ-256 ಪ್ರಯೋಗವಾಗಿ ಸೇರಿತು, 40 ಅಕ್ಷರದ ಹ್ಯಾಶ್‌ಗಳನ್ನು ಕೈಯಲ್ಲಿ ಬರೆದಿಟ್ಟಿದ್ದ ಟೆಸ್ಟ್‌ಗಳಿಗೆ 64 ಅಕ್ಷರ ಎದುರಾಯಿತು. 2022ರ ಏಪ್ರಿಲ್‌ನಲ್ಲಿ, ಬೇರೆ ಬಳಕೆದಾರರ ಒಡೆತನದಲ್ಲಿರುವ ರೆಪೊವನ್ನು ಗಿಟ್ ಮುಟ್ಟಲೊಲ್ಲೆ ಎಂದಿತು. ಕಂಟೈನರ್ (ಪ್ರೋಗ್ರಾಂ ಓಡಿಸಲು ಮಾಡಿದ ಪ್ರತ್ಯೇಕ ಆವರಣ) ಒಳಗೆ ಓಡುತ್ತಿದ್ದ ಟೆಸ್ಟ್‌ಗಳಿಗೆ ಇದು ಬಿಸಿ ಮುಟ್ಟಿಸಿತು. ಅಕ್ಟೋಬರ್‌ನಲ್ಲಿ, ಅದೇ ಡಿಸ್ಕ್‌ನಲ್ಲಿರುವ ರೆಪೊವನ್ನು ಸಬ್‌ಮಾಡ್ಯೂಲ್ (ರೆಪೊ ಒಳಗಿನ ರೆಪೊ) ಆಗಿ ಎಳೆದುಕೊಳ್ಳುವುದಕ್ಕೂ ತಡೆ ಬಿತ್ತು. ಈ ಎರಡು ತಡೆಗಳೂ ಭದ್ರತೆಗಾಗಿ ಮಾಡಿದ ಸರಿಯಾದ ಬದಲಾವಣೆಗಳೇ. ಆದರೆ ಅವಸರದಲ್ಲಿ ಎಷ್ಟೋ ಕಡೆ ಟೆಸ್ಟ್ ಸೆಟ್ಟಿಂಗ್‌ನಲ್ಲಿ ಆ ತಡೆಯನ್ನು ಪೂರ್ತಿ ತೆಗೆದುಹಾಕಿ ಮುಂದೆ ಹೋಗುವುದು ರೂಢಿಯಾಯಿತು. ಹೊಸ ತಡೆಯೊಂದಿಗೆ ಲೈಬ್ರರಿ ಹೇಗೆ ನಡೆದುಕೊಳ್ಳುತ್ತದೆ ಎಂದು ಆ ಟೆಸ್ಟ್‌ಗಳು ಈಗ ಕೇಳುವುದೇ ಇಲ್ಲ.

2024ರಲ್ಲಿ ಗಾಳಿ ತಿರುಗಿ ಬೀಸಿತು. ಲಿಬ್‌ಗಿಟ್2 ಬಳಗದಲ್ಲಿ ಹುಟ್ಟಿದ ‘ಕ್ಲಾರ್’ ಎಂಬ ಪುಟ್ಟ ಟೆಸ್ಟ್ ಚೌಕಟ್ಟನ್ನು ಗಿಟ್ ತನ್ನ ಸಿ ಕೋಡ್‌ನ ಟೆಸ್ಟ್‌ಗಳಿಗೆ ತೆಗೆದುಕೊಂಡಿತು. ಗಿಟ್‌ನ ಒಳಭಾಗಗಳನ್ನು ಲೈಬ್ರರಿಯಂತೆ ಬಿಡಿಸಿಡುವ ಕೆಲಸ, ಮೆಮೊರಿ ಸೋರಿಕೆ ಮುಚ್ಚುವ ಕೆಲಸ ಇದರ ಜೊತೆಗೇ ನಡೆದಿವೆ.

ಗಿಟ್ ಟೆಸ್ಟ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪದ್ಧತಿ ಇನ್ನೊಂದಿದೆ. ಬಗ್ ಸಿಕ್ಕಿದೆ, ಆದರೆ ಸರಿಮಾಡಲು ಈಗ ಆಗುವುದಿಲ್ಲ ಎಂದಾದರೆ, ಅದನ್ನು ತೋರಿಸುವ ಟೆಸ್ಟ್ ಬರೆದು ‘ಎಕ್ಸ್‌ಪೆಕ್ಟ್ ಫೇಲ್ಯೂರ್’ ಎಂದು ಗುರುತು ಹಾಕುತ್ತಾರೆ. ಅದು ಪ್ರತಿದಿನ ಓಡುತ್ತದೆ, ಪ್ರತಿದಿನ ಸೋಲುತ್ತದೆ, ಯಾರ ಕೆಲಸವೂ ನಿಲ್ಲುವುದಿಲ್ಲ. ಮುಂದೊಂದು ದಿನ ಇನ್ಯಾರೋ ಇನ್ನೇನನ್ನೋ ತಿದ್ದುತ್ತಿರುವಾಗ ಆ ಟೆಸ್ಟ್ ಇದ್ದಕ್ಕಿದ್ದಂತೆ ಗೆದ್ದುಬಿಡುತ್ತದೆ. ಆಗ ಪರದೆಯ ಮೇಲೆ ‘ಗೊತ್ತಿದ್ದ ದೋಷ ಮಾಯವಾಗಿದೆ’ ಎಂಬರ್ಥದ ಒಂದು ಸಾಲು ಬರುತ್ತದೆ. ನಿಜವಾಗಿ ಸರಿಹೋಯಿತೋ ಇಲ್ಲ ಟೆಸ್ಟ್ ದಾರಿ ತಪ್ಪಿತೋ ಎಂದು ಯಾರಾದರೂ ಕೂತು ನೋಡಬೇಕು. ನೋಡಿ ಖಾತ್ರಿಯಾದ ಮೇಲೆ ‘ಫೇಲ್ಯೂರ್’ ಅಳಿಸಿ ‘ಸಕ್ಸೆಸ್’ ಎಂದು ಬರೆಯುವ ಒಂದೇ ಪದದ ಪ್ಯಾಚ್ ಕಳಿಸುತ್ತಾರೆ.