ನೆಟ್‌ವರ್ಕ್ ಇಲ್ಲದಾಗ ಆ್ಯಪ್ ಅಳಿಸಬೇಡಿ

ಪಾವಗಡದಲ್ಲಿ ಮೊಬೈಲ್ ದುರಸ್ತಿ ಮಾಡುತ್ತ ನನಗೆ ಹದಿನಾರು ವರ್ಷಗಳಾದವು. ಒಡೆದ ಗಾಜು, ಊದಿದ ಬ್ಯಾಟರಿ, ತೊಟ್ಟಿಗೆ ಬಿದ್ದ ಫೋನು, ಇವು ಯಾವುವೂ ನನಗೆ ಬೇಸರ ತರಿಸಿಲ್ಲ. ಬೇಸರ ತರಿಸುವುದು ಫೋನನ್ನು ಮೇಜಿನ ಮೇಲೆ ಇಡುವ ಮೊದಲೇ ಕೇಳಿಬರುವ ಒಂದು ಮಾತು: “ಅಣ್ಣಾ, ನೆಟ್ ಬರ್ತಿರ್ಲಿಲ್ಲ, ಅದಕ್ಕೆ ವಾಟ್ಸ್‌ಆ್ಯಪ್ ಡಿಲೀಟ್ ಮಾಡಿ ಮತ್ತೆ ಹಾಕಿದ್ವಿ.” ಹಾಗೆ ಅಳಿಸಿದ ಕ್ಷಣದಲ್ಲಿ ತಾವು ಏನನ್ನು ಕಳೆದುಕೊಂಡೆವು ಎಂಬುದು ಅವರಿಗೆ ತಿಳಿದಿರುವುದಿಲ್ಲ, ನಾನು ಹೇಳಿದಾಗ ನಂಬುವುದೂ ಇಲ್ಲ.

ನಮ್ಮ ತಾಲ್ಲೂಕಿನ ಮೂರು ಕಡೆಗೂ ಆಂಧ್ರಪ್ರದೇಶವಿದೆ, ನಡುನಡುವೆ ಬಂಡೆಯ ಬೆಟ್ಟಗಳಿವೆ. ಬೆಟ್ಟದ ಮರೆಯ ಹಳ್ಳಿಗಳಲ್ಲಿ ಮಾಳಿಗೆ ಹತ್ತಿದರೆ ಸಿಗ್ನಲ್ ಬರುತ್ತದೆ, ಇಳಿದರೆ ಹೋಗುತ್ತದೆ. ಹೊತ್ತುಗಟ್ಟಲೆ ಕರೆಂಟ್ ಹೋದ ದಿನ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಇಂತಹ ಕಡೆ ಗೂಢಲಿಪೀಕರಣದ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರಾರೂ ಓದದಂತೆ ಸಂದೇಶವನ್ನು ಮುಚ್ಚಿ ಸಾಗಿಸುವ, ಆ್ಯಪ್ ಬಳಸುವವರು ಅದರ ಒಳಗುಟ್ಟನ್ನು ಒಂದಿಷ್ಟು ತಿಳಿದಿರಲೇಬೇಕು.

ಪಾವಗಡದ ಶನಿಮಹಾತ್ಮ ದೇವಸ್ಥಾನದ ಹುಂಡಿಯನ್ನು ನೆನೆಯಿರಿ. ಕಾಣಿಕೆಯನ್ನು ಯಾರು ಬೇಕಾದರೂ ಹಾಕಬಹುದು, ಆದರೆ ತೆರೆಯುವುದು ಕೀಲಿಕೈ ಇರುವವರಿಂದ ಮಾತ್ರ ಸಾಧ್ಯ. ವಾಟ್ಸ್‌ಆ್ಯಪ್ 2016ರ ಏಪ್ರಿಲ್‌ನಿಂದ ತನ್ನೆಲ್ಲ ಬಳಕೆದಾರರ ಸಂದೇಶಗಳಿಗೆ ಅನ್ವಯಿಸಿದ, ಸಿಗ್ನಲ್ ಎಂಬ ಇನ್ನೊಂದು ಸಂದೇಶದ ಆ್ಯಪ್‌ನವರು ರೂಪಿಸಿದ ವಿಧಾನವೂ ಬಹುಮಟ್ಟಿಗೆ ಹೀಗೆಯೇ ಇದೆ. ನೀವು ಆ್ಯಪ್ ಹಾಕಿಕೊಂಡ ದಿನವೇ ನಿಮ್ಮ ಫೋನು ಒಂದು ರಾಶಿ ಬೀಗಗಳನ್ನೂ ಅವುಗಳ ಕೀಲಿಕೈಗಳನ್ನೂ ತಯಾರಿಸಿ, ಬಾಯಿ ತೆರೆದ ಬೀಗಗಳನ್ನು ಕಂಪನಿಯ ಸರ್ವರಿಗೆ ಕಳಿಸಿ, ಕೀಲಿಕೈಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ನಿಮ್ಮೊಂದಿಗೆ ಮೊದಲ ಬಾರಿ ಮಾತಿಗಿಳಿಯುವವರ ಫೋನು ಸರ್ವರಿನಿಂದ ಒಂದು ಬೀಗ ತೆಗೆದುಕೊಂಡು ಸಂದೇಶಕ್ಕೆ ಜಡಿಯುತ್ತದೆ. ಆಗ ನಿಮ್ಮ ಫೋನು ಸಿಗ್ನಲ್ ಇಲ್ಲದೆ ಹೊಲದಲ್ಲಿದ್ದರೂ ತೊಂದರೆಯಿಲ್ಲ. ಮುಚ್ಚಿದ ಸಂದೇಶವು ಸರ್ವರಿನಲ್ಲಿ ನಿಮಗಾಗಿ ಕಾಯುತ್ತದೆ. ವಾಟ್ಸ್‌ಆ್ಯಪ್ ಇದನ್ನು 30 ದಿನಗಳವರೆಗೆ ಇಟ್ಟುಕೊಳ್ಳುತ್ತದೆ. ಅದನ್ನು ತೆರೆಯಲು ಕಂಪನಿಗೂ ಆಗದು, ನನಗೂ ಆಗದು.

ಆ್ಯಪ್ ಅಳಿಸಿದರೆ ಆ ಕೀಲಿಕೈಗಳು ಅಳಿಯುತ್ತವೆ. ಮತ್ತೆ ಹಾಕಿಕೊಂಡಾಗ ಫೋನು ಹೊಸ ಬೀಗ, ಹೊಸ ಕೀಲಿಕೈಗಳನ್ನು ಮಾಡಿಕೊಳ್ಳುತ್ತದೆ. ಹೊಸ ಕೀಲಿಕೈ ಹಳೆಯ ಬೀಗಕ್ಕೆ ಹೊಂದುವುದಿಲ್ಲ. ನಂಬರ್ ಅದೇ, ಸಿಮ್ ಅದೇ, ಫೋನೂ ಅದೇ ಎಂದು ನೀವು ವಾದಿಸಬಹುದು. ಆದರೆ ಈ ವ್ಯವಸ್ಥೆ ಗುರುತಿಸುವುದು ಕೀಲಿಕೈಯನ್ನು. ನಾನು ಎಷ್ಟು ಬಾರಿ ಹೇಳಿದರೂ ಜನ ಒಪ್ಪದಿರುವ ಸಂಗತಿ ಇದೊಂದೇ ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ: ನಿಮಗೆ ಬರಬೇಕಾದ ಸಂದೇಶವನ್ನು ತೆರೆಯುವ ಸಾಧನವು ನಿಮ್ಮ ಫೋನಿನಲ್ಲಿ, ಆ ಆ್ಯಪ್‌ನ ಒಳಗೆ ಮಾತ್ರ ಇದೆ.

ಕಳೆದ ಮಳೆಗಾಲದಲ್ಲಿ ವೈ.ಎನ್. ಹೊಸಕೋಟೆಯಿಂದ ರೇಷ್ಮೆ ಸೀರೆ ನೇಯುವ ತಾಯಿಯೊಬ್ಬರು ಬಂದಿದ್ದರು. ಧರ್ಮಾವರದ ವ್ಯಾಪಾರಿ ಅಂಚಿನ ಮತ್ತು ಸೆರಗಿನ ಬಣ್ಣಗಳ ಚಿತ್ರ ಕಳಿಸಿದ್ದರು; ಊರಿನಲ್ಲಿ ಒಂದೂವರೆ ದಿನ ನೆಟ್‌ವರ್ಕ್ ಇರಲಿಲ್ಲ; ಮಗ ಆ್ಯಪ್ ಅಳಿಸಿ ಮತ್ತೆ ಹಾಕಿದ್ದ. “ನೋಡಪ್ಪಾ, ಕಳಿಸಿದೀನಿ ಅಂತ ಅವರು ಹೇಳ್ತಾರೆ, ಇಲ್ಲಿ ಕಾಯಿರಿ ಅಂತ ತೋರಿಸ್ತದೆ” ಎಂದು ಫೋನು ಚಾಚಿದರು. ಆಕೆಯ ಬೆರಳಿನಲ್ಲಿ ಕೆಂಪು ರೇಷ್ಮೆಯ ಎಳೆಯೊಂದು ಇನ್ನೂ ಸುತ್ತಿಕೊಂಡಿತ್ತು. ಮಗ್ಗದಿಂದ ನೇರವಾಗಿ ಎದ್ದು ಬಂದಿದ್ದರು. ಪರದೆಯ ಮೇಲೆ ಇದ್ದುದು ಸಂದೇಶಕ್ಕಾಗಿ ಕಾಯಲಾಗುತ್ತಿದೆ ಎಂಬ ಸಾಲು. ಇದರ ಅರ್ಥ, ಹಳೆಯ ಬೀಗದ ಸಂದೇಶವನ್ನು ತೆರೆಯಲಾಗದೆ ಆಕೆಯ ಫೋನು ವ್ಯಾಪಾರಿಯ ಫೋನಿಗೆ ಹೊಸ ಬೀಗ ಹಾಕಿ ಮತ್ತೆ ಕಳಿಸು ಎಂದು ಕೇಳಿದೆ, ಆ ಫೋನು ಇನ್ನೂ ಉತ್ತರಿಸಿಲ್ಲ. ವ್ಯಾಪಾರಿಗೆ ಕರೆ ಮಾಡಿ ಆ್ಯಪ್ ತೆರೆದಿಡುವಂತೆ ಕೇಳಿಕೊಂಡೆವು. ಸಂಜೆಗೆ ಬಣ್ಣಗಳು ಬಂದವು. ಆದರೆ ಆಕೆ ಹಿಂದಿನ ದಿನ ಧ್ವನಿಯಲ್ಲಿ ಹೇಳಿ ಕಳಿಸಿದ್ದ ಕೂಲಿಯ ಲೆಕ್ಕ ಬರಲಿಲ್ಲ, ಅದು ಹೋಗಿಯೇ ಇರಲಿಲ್ಲ. ಸಂದೇಶದ ಪಕ್ಕದಲ್ಲಿ ಗಡಿಯಾರದ ಗುರುತು ಇದ್ದರೆ ಅದು ಇನ್ನೂ ನಿಮ್ಮ ಫೋನಿನಲ್ಲೇ ಇದೆ ಎಂದು ಅರ್ಥ. ಒಂದು ಟಿಕ್ ಬಿದ್ದರೆ ಸರ್ವರಿಗೆ ತಲುಪಿದೆ, ಎರಡು ಬಿದ್ದರೆ ಎದುರಿನವರ ಫೋನಿಗೆ ತಲುಪಿದೆ. ಗಡಿಯಾರ ಇರುವಾಗ ಆ್ಯಪ್ ಅಳಿಸುವುದೆಂದರೆ ಅಂಚೆಗೆ ಹಾಕದ ಕಾಗದವನ್ನು ಒಲೆಗೆ ಹಾಕಿದಂತೆ.

ಈ ತಪ್ಪಿಗೆ ಟೆಲಿಗ್ರಾಂನ ರೂಢಿಯೂ ಒಂದಷ್ಟು ಕಾರಣವಿರಬಹುದು. ಅಲ್ಲಿ ಸಾಮಾನ್ಯ ಮಾತುಕತೆಗಳು ಕಂಪನಿಯ ಸರ್ವರಿನಲ್ಲೇ ಉಳಿಯುತ್ತವೆ, ಎರಡು ತುದಿಗಳ ನಡುವಿನ ಗೂಢಲಿಪೀಕರಣ ಅವುಗಳಿಗೆ ಇಲ್ಲ. ಹಾಗಾಗಿ ಅಳಿಸಿ ಮತ್ತೆ ಹಾಕಿದರೂ ಎಲ್ಲವೂ ಮರಳಿ ಕಾಣುತ್ತದೆ. ಹುಣಸೆಮರಗಳ ಗುತ್ತಿಗೆ ಹಿಡಿಯುವ ಹಿರಿಯರೊಬ್ಬರು ಇದೇ ನಂಬಿಕೆಯಿಂದ ಸಿಗ್ನಲ್ ಆ್ಯಪ್ ಅಳಿಸಿ, ಒಂದು ಸುಗ್ಗಿಯ ಮುಂಗಡದ ಲೆಕ್ಕವನ್ನೆಲ್ಲ ಕಳೆದುಕೊಂಡರು. ಬ್ಯಾಕಪ್ ಮಾಡಿಟ್ಟಿರಲಿಲ್ಲ. ನನ್ನಿಂದ ಏನೂ ಆಗಲಿಲ್ಲ, ಮರದ ಮಾಲೀಕರನ್ನೇ ಒಬ್ಬೊಬ್ಬರಾಗಿ ಕೇಳಿ ಬರೆದುಕೊಳ್ಳಿ ಎಂದು ಹೇಳಿ ಕಳಿಸಬೇಕಾಯಿತು. ಆ ದಿನ ನನಗೆ ಊಟ ಸೇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಫ್ಲೈಟ್ ಮೋಡ್ ಹಾಕಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಗಡಿಯ ಹಳ್ಳಿಯವರಾದರೆ ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ. ಫೋನು ಆಂಧ್ರದ ಟವರನ್ನು ಹಿಡಿದು, ರೋಮಿಂಗ್ ಆಫ್ ಇದ್ದರೆ ಕರೆ ಬರುತ್ತದೆ, ನೆಟ್ ಬರುವುದಿಲ್ಲ. ಬಾಗೇಪಲ್ಲಿ, ಮುಳಬಾಗಿಲು ಕಡೆಯ ಗಡಿಯ ಊರಿನವರೂ ಇದನ್ನು ಗಮನಿಸಬೇಕು. ನಿಮ್ಮ ಪ್ಲಾನಿನಲ್ಲಿ ಇದಕ್ಕೆ ಶುಲ್ಕವಿದೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಫೋನಿನ ದಿನಾಂಕ ತಪ್ಪಾಗಿದ್ದರೂ ಆ್ಯಪ್ ಸರ್ವರಿನೊಂದಿಗೆ ಮಾತನಾಡುವುದಿಲ್ಲ, ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೆಯ ಫೋನುಗಳಲ್ಲಿ ಇದನ್ನು ಬಹಳ ಕಂಡಿದ್ದೇನೆ. ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಕ್ಷೀಣ ಸಿಗ್ನಲಿನಲ್ಲಿ ವಿಡಿಯೊ ಅರ್ಧದಲ್ಲೇ ನಿಲ್ಲುತ್ತದೆ, ಅಕ್ಷರದ ಸಂದೇಶ ಒಂದೆರಡು ಕ್ಷಣ ಸಂಪರ್ಕ ಸಿಕ್ಕರೂ ಸಾಮಾನ್ಯವಾಗಿ ದಾಟಿಬಿಡುತ್ತದೆ. ಅದಾದ ಮೇಲೂ ಗಡಿಯಾರವೇ ಕಂಡರೆ ಫೋನನ್ನು ಜೇಬಿಗೆ ಹಾಕಿಕೊಂಡು ನಿಮ್ಮ ಕೆಲಸ ನೋಡಿ, ಸಿಗ್ನಲ್ ಸಿಕ್ಕಾಗ ಅದೇ ಹೋಗುತ್ತದೆ.

ತುರ್ತು ಇದ್ದರೆ ಎಸ್‌ಎಂಎಸ್ ಇದೆ, ಅದಕ್ಕೆ ಡೇಟಾ ಬೇಡ. ಆದರೆ ಅದಕ್ಕೆ ಬೀಗವಿಲ್ಲ, ಸಾಗುವ ದಾರಿಯಲ್ಲಿ ಅದನ್ನು ಓದಲು ಸಾಧ್ಯವಿದೆ, ಆದ್ದರಿಂದ ಪಿನ್, ಖಾತೆಯ ವಿವರ ಬರೆಯಬೇಡಿ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಒಂದು ಎಸ್‌ಎಂಎಸ್‌ನಲ್ಲಿ ಕನ್ನಡಕ್ಕೆ 70 ಮಾತ್ರ, ಅದರಲ್ಲೂ ಒತ್ತು, ಸ್ವರಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಕಣ್ಣಿಗೆ ಎರಡಕ್ಷರವಾಗಿ ಕಾಣುವ ‘ಕ್ಷೇಮ’ಕ್ಕೆ ಐದು ಖರ್ಚಾಗುತ್ತದೆ.

ಇಂಟರ್‌ನೆಟ್ ಇಲ್ಲದೆಯೇ ಬ್ಲೂಟೂತ್ ಮೂಲಕ ಸಂದೇಶ ಸಾಗಿಸುವ ಆ್ಯಪ್‌ಗಳ ಬಗ್ಗೆ ಕಾಲೇಜು ಹುಡುಗರು ಆಸೆಯಿಂದ ಕೇಳುತ್ತಾರೆ. ಅವು ಸುಳ್ಳಲ್ಲ, ಆದರೆ ಎರಡು ಫೋನುಗಳ ನಡುವಿನ ಅಂತರ ಹತ್ತಾರು ಮೀಟರ್ ದಾಟುವಂತಿಲ್ಲ, ಕಲ್ಲಿನ ಗೋಡೆ ಅಡ್ಡ ಬಂದರೆ ಅದೂ ಇಲ್ಲ. ಹಳ್ಳಿಯಿಂದ ಹಳ್ಳಿಗೆ ಸಂದೇಶ ಹೋಗಬೇಕಾದರೆ ನಡುವೆ ಅದೇ ಆ್ಯಪ್ ಇಟ್ಟುಕೊಂಡ ಜನರ ಸಾಲೇ ಇರಬೇಕು. ಇಂತಹ ಆ್ಯಪ್‌ಗಳಲ್ಲಿ ಒಂದಾದ ಬ್ರಿಡ್ಜ್‌ಫೈಯಲ್ಲಿ ಗಂಭೀರ ಭದ್ರತಾ ಲೋಪಗಳಿರುವುದನ್ನು ಸಂಶೋಧಕರು 2020ರಲ್ಲಿ ತೋರಿಸಿದರು. ಇಂತಹದೇ ಇನ್ನೊಂದು ಆ್ಯಪ್ ಬ್ರಯರ್ ಸೇರಿದಂತೆ 14 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ನಿರ್ಬಂಧಿಸಿತು. ಆದ್ದರಿಂದ ಸದ್ಯದ ನಿಯಮವನ್ನು ವಿಚಾರಿಸದೆ ಇವನ್ನು ಹಾಕಿಕೊಡಿ ಎಂದರೆ ನಾನು ಹಾಕಿಕೊಡುವುದಿಲ್ಲ.

ಈಗಾಗಲೇ ಅಳಿಸಿ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ. ಕ್ಷೀಣ ಸಿಗ್ನಲಿನಲ್ಲಿ ಮತ್ತೆ ಮತ್ತೆ ನಂಬರ್ ನೋಂದಾಯಿಸಲು ಹೋಗಬೇಡಿ, ಕೆಲವು ಪ್ರಯತ್ನಗಳು ವಿಫಲವಾದ ಮೇಲೆ ಗಂಟೆಗಟ್ಟಲೆ ಕಾಯಿಸುತ್ತದೆ. ಚಾರ್ಜ್ ತುಂಬಿಕೊಂಡು, ಸಿಮ್ ಸಮೇತ, ಒಳ್ಳೆಯ ಸಿಗ್ನಲ್ ಇರುವ ಕಡೆ ಬನ್ನಿ. ಹಳೆಯ ಬ್ಯಾಕಪ್ ಮರಳಿ ತರಬೇಕೇ ಎಂದು ಆ್ಯಪ್ ಕೇಳಿದಾಗ ಅವಸರದಲ್ಲಿ ಬೇಡ ಎಂದು ಒತ್ತಬೇಡಿ. ಆಮೇಲೆ, ಆ ನಡುವೆ ನಿಮಗೆ ಸಂದೇಶ ಕಳಿಸಿದವರಿಗೆಲ್ಲ ಕರೆ ಮಾಡಿ ಅವರ ಫೋನಿನಲ್ಲಿ ಆ್ಯಪ್ ಒಮ್ಮೆ ತೆರೆಯಲು ಹೇಳಿ.