ಅರವತ್ತಾರು ಮಂದಿ ‘ಹೌದು’ ಎಂದಾಗ

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬಂದೂಕಿನ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಪಿಸ್ತೂಲು ಹೊಂದಿರುವುದು ನಾಗರಿಕನ ಹಕ್ಕು, ಪರವಾನಗಿ ಕೊಡಲು ನ್ಯೂಯಾರ್ಕ್ ರಾಜ್ಯ ‘ವಿಶೇಷ ಕಾರಣ’ ಕೇಳುವಂತಿಲ್ಲ ಎಂಬುದು ಅದರ ಸಾರ. ಬಹುಮತದ ತೀರ್ಪಿಗೆ ಸಹಮತ ಸೂಚಿಸಿ ಪ್ರತ್ಯೇಕವಾಗಿ ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೋ ಒಂದು ಅಂಕಿಯನ್ನು ಮುಂದಿಟ್ಟರು. ಸಮೀಕ್ಷೆಗಳ ಪ್ರಕಾರ ಅಮೆರಿಕದಲ್ಲಿ ವರ್ಷಕ್ಕೆ 25 ಲಕ್ಷ ಸಲದವರೆಗೆ ಜನರು ಬಂದೂಕಿನಿಂದ ತಮ್ಮನ್ನು ರಕ್ಷಿಸಿಕೊಳ್ಳುತ್ತಾರೆ ಎಂದು.

ಅದೇ ದೇಶದ ಸರ್ಕಾರ ನಡೆಸುವ ಇನ್ನೊಂದು ಸಮೀಕ್ಷೆಯನ್ನು ತೆರೆದರೆ ಈ ಸಂಖ್ಯೆ ಸುಮಾರು 60 ಸಾವಿರದಿಂದ 1 ಲಕ್ಷದ ಆಸುಪಾಸಿನಲ್ಲಿದೆ. ಒಂದೇ ದೇಶ, ಒಂದೇ ಸಂಗತಿ, ಉತ್ತರದಲ್ಲಿ ಮಾತ್ರ ಇಪ್ಪತ್ತೈದು, ನಲವತ್ತು ಪಟ್ಟು ಅಂತರ. ಸಮಾಜ ವಿಜ್ಞಾನದಲ್ಲಿ ಶೇ 10ರಷ್ಟು ವ್ಯತ್ಯಾಸಕ್ಕೇ ಜಗಳವಾಗುವುದುಂಟು. ಇಷ್ಟು ದೊಡ್ಡ ಕಂದಕ ಸಿಕ್ಕಿದರೆ ಎರಡೂ ಕಡೆಯವರ ರಾಜಕೀಯವನ್ನು ಸ್ವಲ್ಪ ಬದಿಗಿಟ್ಟು, ಎಣಿಸಿದ್ದು ಹೇಗೆ ಎಂದು ಕೇಳುವುದು ಹೆಚ್ಚು ಲಾಭದ ಕೆಲಸ.

25 ಲಕ್ಷದ ಮೂಲ 1993ರ ಒಂದು ದೂರವಾಣಿ ಸಮೀಕ್ಷೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗೆರ್ಟ್ಸ್ ಅದನ್ನು ನಡೆಸಿ 1995ರಲ್ಲಿ ಪ್ರಕಟಿಸಿದರು. ಅವರು ಮಾತಾಡಿಸಿದ್ದು 4,977 ವಯಸ್ಕರನ್ನು. ಕಳೆದ ಒಂದು ವರ್ಷದಲ್ಲಿ ಆತ್ಮರಕ್ಷಣೆಗೆ ಬಂದೂಕು ಬಳಸಿದ್ದಾಗಿ ಹೇಳಿದವರು ಶೇ 1.33, ಅಂದರೆ ಸುಮಾರು 66 ಮಂದಿ. ಆಗ ಅಮೆರಿಕದಲ್ಲಿದ್ದ ವಯಸ್ಕರು ಸುಮಾರು 19 ಕೋಟಿ. ಹೀಗಾಗಿ ಸಮೀಕ್ಷೆಯ ಒಬ್ಬೊಬ್ಬ ವ್ಯಕ್ತಿಯೂ ಹೊರಗಿನ 38 ಸಾವಿರ ಜನರ ಪ್ರತಿನಿಧಿ. 66ನ್ನು 38 ಸಾವಿರದಿಂದ ಗುಣಿಸಿದರೆ 25 ಲಕ್ಷ ಬರುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ಕಾಟಾಚಾರದ ಸಮೀಕ್ಷೆಯೂ ಅದಲ್ಲ. ಬಂದೂಕಿನ ಕಡು ವಿರೋಧಿಯಾಗಿದ್ದ ಹಿರಿಯ ಅಪರಾಧಶಾಸ್ತ್ರಜ್ಞ ಮಾರ್ವಿನ್ ವುಲ್ಫ್‌ಗ್ಯಾಂಗ್ ಕೂಡ, ಫಲಿತಾಂಶ ತಮಗೆ ಹಿಡಿಸದಿದ್ದರೂ ವಿಧಾನದಲ್ಲಿ ಕೊಂಕು ಕಾಣುತ್ತಿಲ್ಲ ಎಂದು ಬರೆದರು.

ಹಾಗಾದರೆ ತೊಡಕು ಇರುವುದೆಲ್ಲಿ? ಬಹಳ ಅಪರೂಪಕ್ಕೆ ನಡೆಯುವ ಸಂಗತಿಯನ್ನು ಎಲ್ಲರನ್ನೂ ಕೇಳಿ ಎಣಿಸಲು ಹೊರಟಿದ್ದರಲ್ಲಿ.

ಮೊರದಲ್ಲಿ 5,000 ಕಾಳು ಅಕ್ಕಿ ಇದೆ, ಅದರಲ್ಲಿ ಎರಡು ಕಲ್ಲು ಸೇರಿವೆ ಎಂದಿಟ್ಟುಕೊಳ್ಳಿ. ಕಣ್ಣು ಮಂಜಾದ ಅಜ್ಜಿ ಕಲ್ಲು ಆರಿಸಲು ಕುಳಿತು, ನೂರು ಕಾಳಿಗೆ ಒಂದನ್ನು ಕಲ್ಲೆಂದು ಭ್ರಮಿಸಿ ತೆಗೆದಿಟ್ಟರೆ ಪಕ್ಕದ ತಟ್ಟೆಯಲ್ಲಿ 50 ‘ಕಲ್ಲು’ಗಳಾಗುತ್ತವೆ. ಇದಕ್ಕೆ ಎದುರಾಗಿ, ನಿಜವಾದ ಕಲ್ಲು ಕಣ್ತಪ್ಪಿ ಉಳಿದರೂ ಉಳಿಯುವುದು ಹೆಚ್ಚೆಂದರೆ ಎರಡು. ತಪ್ಪು ಎರಡೂ ದಿಕ್ಕಿನಲ್ಲಿ ಆಗಬಹುದು, ನಿಜ. ಆದರೆ ಒಂದು ದಿಕ್ಕಿನಲ್ಲಿ ತಪ್ಪಲು 4,998 ಅವಕಾಶಗಳಿವೆ, ಇನ್ನೊಂದು ದಿಕ್ಕಿನಲ್ಲಿ ಎರಡೇ. ಸರ್ಕಾರಿ ಸಮೀಕ್ಷೆಯ ಅಂಕಿ ಸರಿಯಾಗಿದ್ದಿದ್ದರೆ ಕ್ಲೆಕ್ ಮಾತಾಡಿಸಿದ ಐದು ಸಾವಿರ ಮಂದಿಯಲ್ಲಿ ನಿಜವಾದ ‘ಹೌದು’ ಎರಡೇ ಎರಡು ಇರಬೇಕಿತ್ತು. ಉಳಿದವರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿ ತಪ್ಪಾಗಿ ‘ಹೌದು’ ಎಂದಿದ್ದರೆ ಸಾಕು, 66 ಭರ್ತಿಯಾಗುತ್ತದೆ. ಸಮೀಕ್ಷೆ ನಡೆಸಿದವರು ಶೇ 98ಕ್ಕಿಂತ ಹೆಚ್ಚು ಉತ್ತರಗಳನ್ನು ಸರಿಯಾಗಿಯೇ ಪಡೆದಿದ್ದರೂ ಕೊನೆಯ ಅಂಕಿ ಮೂವತ್ತು ಪಟ್ಟು ಊದಿಕೊಳ್ಳುತ್ತದೆ.

ಜನರು ಸುಳ್ಳು ಹೇಳಿದರು ಎಂದು ಇದರ ಅರ್ಥವಲ್ಲ. ಮೂರು ವರ್ಷದ ಹಿಂದೆ ನಡೆದ, ಎದೆ ನಡುಗಿಸಿದ ಘಟನೆ ನೆನಪಿನಲ್ಲಿ ‘ಹೋದ ವರ್ಷ’ಕ್ಕೆ ಸರಿದು ಬರುವುದು ಸಮೀಕ್ಷಾ ಶಾಸ್ತ್ರ ಚೆನ್ನಾಗಿ ಬಲ್ಲ ಮನುಷ್ಯ ಸ್ವಭಾವ. ರಾತ್ರಿ ಸದ್ದು ಕೇಳಿ ಬಂದೂಕು ಹಿಡಿದು ಹಿತ್ತಲಿಗೆ ಹೋದವನಿಗೆ ಅಲ್ಲಿದ್ದದ್ದು ಕಳ್ಳನೋ ಬೆಕ್ಕೋ ಎಂದು ಗೊತ್ತಾಗದಿರಬಹುದು, ಆದರೆ ತಾನು ಮನೆ ಕಾಪಾಡಿದೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿರುತ್ತದೆ. ಜೊತೆಗೆ ಒಂದಿಷ್ಟು ಬಡಾಯಿ. ನೂರಕ್ಕೆ ಒಬ್ಬ ಬಡಾಯಿಕೋರ ಎನ್ನುವುದು ಯಾವ ಊರಿಗಾದರೂ ಉದಾರವಾದ ಅಂದಾಜೇ.

ಹಾರ್ವರ್ಡ್‌ನ ಡೇವಿಡ್ ಹೆಮೆನ್ವೇ 1997ರಲ್ಲಿ ಈ ಲೆಕ್ಕದ ದೋಷವನ್ನು ತೋರಿಸಲು ಬಳಸಿದ ಉದಾಹರಣೆ ನನಗೆ ಬಲು ಇಷ್ಟ. 1994ರಲ್ಲಿ ಎಬಿಸಿ ನ್ಯೂಸ್ ಮತ್ತು ವಾಷಿಂಗ್ಟನ್ ಪೋಸ್ಟ್ ಸುಮಾರು 1,500 ಮಂದಿಯನ್ನು ದೂರವಾಣಿಯಲ್ಲೇ ಮಾತಾಡಿಸಿದ್ದವು. ಬೇರೆ ಗ್ರಹದ ನೌಕೆಯನ್ನು ಕಣ್ಣಾರೆ ಕಂಡಿದ್ದೇವೆ ಎಂದವರು ಶೇ 10. ಅವರಲ್ಲಿ ಶೇ 6ರಷ್ಟು ಜನ ಅನ್ಯಗ್ರಹ ಜೀವಿಗಳ ಜೊತೆ ಸಂಪರ್ಕವೂ ಆಗಿದೆ ಎಂದರು. 25 ಲಕ್ಷವನ್ನು ತಂದ ಅದೇ ಗುಣಾಕಾರವನ್ನು ಇಲ್ಲಿಗೂ ಹಚ್ಚಿದರೆ 11 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಅನ್ಯಗ್ರಹದವರ ಪರಿಚಯಸ್ಥರು.

ಹೆಮೆನ್ವೇ ಅಲ್ಲಿಗೇ ನಿಲ್ಲಲಿಲ್ಲ, ಆ ಅಂಕಿಯನ್ನು ಹೊರಗಿನ ಲೆಕ್ಕಗಳಿಗೆ ತಾಳೆ ನೋಡಿದರು. ಕ್ಲೆಕ್ ಸಮೀಕ್ಷೆಯ ವಿವರಗಳನ್ನು ನಂಬಿದರೆ, ಹೀಗೆ ರಕ್ಷಿಸಿಕೊಂಡವರು ಒಂದೇ ವರ್ಷದಲ್ಲಿ ಸುಮಾರು 2 ಲಕ್ಷ ದುಷ್ಕರ್ಮಿಗಳಿಗೆ ಗುಂಡು ತಗುಲಿಸಿರಬೇಕು. ಆ ಕಾಲದಲ್ಲಿ ಗುಂಡೇಟಿಗೆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ವರ್ಷಕ್ಕೆ ಸುಮಾರು 1 ಲಕ್ಷ. ಅದರಲ್ಲಿ ಅಪಘಾತ, ಆತ್ಮಹತ್ಯೆ ಯತ್ನ, ರೌಡಿಗಳ ಕಾಳಗ ಎಲ್ಲವೂ ಸೇರಿವೆ. ಗಾಯಗೊಂಡ ಕಳ್ಳರು ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಹೋಗುವುದಿಲ್ಲ ಎಂಬುದು ಕ್ಲೆಕ್ ಅವರ ಸಮಜಾಯಿಷಿ. ಕೆಲವರು ಹೋಗದಿರಬಹುದು. ಆದರೆ ಹೊಟ್ಟೆಯಲ್ಲಿ ಗುಂಡು ಇಟ್ಟುಕೊಂಡು ಮನೆಯಲ್ಲೇ ಅರಿಸಿನ ಹಚ್ಚಿ ಗುಣವಾಗುವವರು ಒಂದು ಲಕ್ಷ ಮಂದಿ ಇರಲಾರರು.

ಇದೇ ಎಡವಟ್ಟು ಬೇರೆಯವರಿಗೂ ಎದುರಾಯಿತು. ಫಿಲಿಪ್ ಕುಕ್ ಮತ್ತು ಜೆನ್ಸ್ ಲಡ್ವಿಗ್ ಎಂಬ ಅರ್ಥಶಾಸ್ತ್ರಜ್ಞರು 1994ರಲ್ಲಿ ನಡೆದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯನ್ನು ಕೂಲಂಕಷವಾಗಿ ನೋಡಿದರು. ಅಲ್ಲೂ ಉತ್ತರ ಹತ್ತಾರು ಲಕ್ಷದಲ್ಲಿ ಬಂತು. ಆದರೆ ಅದರ ಪ್ರಕಾರ ಅತ್ಯಾಚಾರಿಗಳನ್ನು ಬಂದೂಕಿನಿಂದ ಓಡಿಸಿದ ಪ್ರಕರಣಗಳೇ ದೇಶದ ಒಟ್ಟು ಅತ್ಯಾಚಾರ ಮತ್ತು ಅತ್ಯಾಚಾರ ಯತ್ನಗಳ ಅಂದಾಜನ್ನು ಮೀರಿದ್ದವು. ತಮ್ಮದೇ ಅಂಕಿಯನ್ನು ನಂಬಬೇಡಿ ಎಂದು ಅವರು ವರದಿಯಲ್ಲೇ ಬರೆದರು. ಇಂಥ ವರದಿಗಳು ಟಿವಿ ಚರ್ಚೆಗೆ ಬರುವುದಿಲ್ಲ.

ಇನ್ನು ಸರ್ಕಾರದ ಲೆಕ್ಕ. 1973ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಪರಾಧ ಸಂತ್ರಸ್ತರ ಸಮೀಕ್ಷೆಯ ದಾರಿಯೇ ಬೇರೆ. ಜನಗಣತಿ ಇಲಾಖೆಯವರು ಆಯ್ದ ಮನೆಗಳನ್ನು ಆರು ತಿಂಗಳಿಗೊಮ್ಮೆ, ಮೂರೂವರೆ ವರ್ಷಗಳ ಕಾಲ ಸಂಪರ್ಕಿಸುತ್ತಾರೆ. ‘ನಿಮ್ಮ ಮೇಲೆ ಅಪರಾಧ ನಡೆಯಿತೇ’ ಎಂಬುದು ಮೊದಲ ಪ್ರಶ್ನೆ. ಹೌದು ಎಂದವರಿಗೆ ಮಾತ್ರ ‘ನೀವು ಏನು ಮಾಡಿದಿರಿ’ ಎಂಬ ಮುಂದಿನ ಪ್ರಶ್ನೆ. ಮೊದಲ ಪ್ರಶ್ನೆಯೇ ಜರಡಿಯಾಗುವುದರಿಂದ ಬಡಾಯಿ ಕೊಚ್ಚಲು ಅವಕಾಶ ಕಡಿಮೆ. ಹಿಂದಿನ ಭೇಟಿಯಲ್ಲಿ ಹೇಳಿದ್ದು ದಾಖಲೆಯಲ್ಲಿರುವುದರಿಂದ ಹಳೆಯ ಘಟನೆ ಹೊಸದಾಗಿ ನುಸುಳುವುದೂ ಕಷ್ಟ.

ಇದಕ್ಕೆ ಕ್ಲೆಕ್ ಎತ್ತಿದ ಆಕ್ಷೇಪಗಳನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಸರ್ಕಾರದ ಪ್ರತಿನಿಧಿ ಹೆಸರು, ವಿಳಾಸ ತಿಳಿದುಕೊಂಡೇ ಮಾತಾಡುತ್ತಾನೆ. ಪರವಾನಗಿಯಿಲ್ಲದೆ ಪಿಸ್ತೂಲು ಜೇಬಿಗಿಳಿಸಿದ್ದವನು ಅವನ ಮುಂದೆ ಬಾಯಿಬಿಟ್ಟಾನೆಯೇ? ಬಂದೂಕು ಬಳಸಿದಿರಾ ಎಂದು ಆ ಸಮೀಕ್ಷೆ ನೇರವಾಗಿ ಕೇಳುವುದೂ ಇಲ್ಲ. ಆದ್ದರಿಂದ ಸರ್ಕಾರಿ ಅಂಕಿ ವಾಸ್ತವಕ್ಕಿಂತ ಕೆಳಗಿರುವುದು ಸಾಧ್ಯ. ವಾಸ್ತವ ಅದರ ದುಪ್ಪಟ್ಟೋ ಮೂರು ಪಟ್ಟೋ ಆದರೂ ನನಗೆ ಅಚ್ಚರಿಯಿಲ್ಲ. ಮೂವತ್ತು ಪಟ್ಟು ಎಂದರೆ ಮಾತ್ರ ಒಪ್ಪಲಾರೆ.

ಪ್ರಶ್ನೆಯ ಮಾತುಗಳು ಎಷ್ಟು ಮುಖ್ಯ ಎಂಬುದು ಕೊಡಗು, ಮಲೆನಾಡಿನ ಓದುಗರಿಗೆ ಬೇಗ ಹೊಳೆಯುತ್ತದೆ. ‘ರಕ್ಷಣೆಗಾಗಿ ಕೋವಿ ಹಿಡಿದದ್ದುಂಟೇ’ ಎಂದು ಅಲ್ಲಿ ಕೇಳಿದರೆ ಕಾಡುಹಂದಿ, ಮಂಗ, ಆನೆಗಳ ಕಥೆಗಳೇ ಮೊದಲು ಹೊರಬೀಳುತ್ತವೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ, ಸದ್ಯದ ಅವಧಿ 2029ರವರೆಗೆ. ಉಳಿದ ಮಲೆನಾಡಿನ ರೈತ ಬೆಳೆ ರಕ್ಷಣೆಯ ಕೋವಿಗೂ ಪರವಾನಗಿ ಪಡೆಯಬೇಕು, ಚುನಾವಣೆ ಬಂದರೆ ಅದನ್ನು ಪೊಲೀಸ್ ಠಾಣೆಯಲ್ಲಿಡಬೇಕು. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ ಎಂಬುದು ಅವನ ದೂರು. ಪ್ರಾಣಿಗಳ ವಿರುದ್ಧ ಬಳಸಿದ್ದನ್ನು ಲೆಕ್ಕದಿಂದ ಕೈಬಿಡುವ ಎಚ್ಚರವನ್ನು ಕ್ಲೆಕ್ ವಹಿಸಿದ್ದರು. ಆ ಎಚ್ಚರವಿಲ್ಲದೆ ಮಡಿಕೇರಿಯಲ್ಲಿ ಎಣಿಕೆ ನಡೆದರೆ ಅಮೆರಿಕದ ಅಂಕಿಯೇ ಸಣ್ಣದಾಗಿ ಕಂಡೀತು.

ಆತ್ಮರಕ್ಷಣೆ ಎಂದು ಹೇಳಿಕೊಂಡದ್ದೆಲ್ಲ ಆತ್ಮರಕ್ಷಣೆಯೇ ಎಂಬುದು ಬೇರೆಯದೇ ಪ್ರಶ್ನೆ. ಹೆಮೆನ್ವೇ ತಂಡ ಸಮೀಕ್ಷೆಯಲ್ಲಿ ಜನ ತಾವೇ ವಿವರಿಸಿದ ಘಟನೆಗಳನ್ನು ಐವರು ಕ್ರಿಮಿನಲ್ ನ್ಯಾಯಾಧೀಶರ ಮುಂದಿಟ್ಟಿತು. ಬಂದೂಕಿಗೆ ಪರವಾನಗಿ ಇತ್ತು, ಹೇಳಿದ್ದೆಲ್ಲ ಪ್ರಾಮಾಣಿಕ ಎಂದು ಒಪ್ಪಿಕೊಂಡೇ ತೀರ್ಮಾನಿಸಿ ಎಂದು ಕೇಳಿತು. ಅರ್ಧಕ್ಕಿಂತ ಹೆಚ್ಚಿನ ಘಟನೆಗಳನ್ನು ಹೆಚ್ಚಿನ ನ್ಯಾಯಾಧೀಶರು ‘ಬಹುಶಃ ಕಾನೂನುಬಾಹಿರ’ ಎಂದರು. ಮಾತಿಗೆ ಮಾತು ಬೆಳೆದು ಪಿಸ್ತೂಲು ತೋರಿಸಿದಂಥ ಜಗಳಗಳಲ್ಲಿ ಇಬ್ಬರೂ ತಮ್ಮನ್ನು ರಕ್ಷಿಸಿಕೊಂಡವರು ಎಂದೇ ತಿಳಿದಿರುತ್ತಾರೆ. ಸಮೀಕ್ಷೆಯ ಫೋನು ಇಬ್ಬರಲ್ಲಿ ಯಾರಿಗೆ ಹೋದರೂ ಒಂದು ‘ಹೌದು’ ಖಚಿತ.

ಇದು ಜಮೆಯ ಪುಟ. ಖರ್ಚಿನ ಪುಟದಲ್ಲಿ ಎಣಿಸುವುದು ಸುಲಭ, ಏಕೆಂದರೆ ಸಾವುಗಳಿಗೆ ಪ್ರಮಾಣಪತ್ರ ಇರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಆತ್ಮಹತ್ಯೆಗಳೇ 26 ಸಾವಿರಕ್ಕೂ ಹೆಚ್ಚು, ಕೊಲೆಗಳು ಸುಮಾರು 21 ಸಾವಿರ. ಬಂದೂಕಿನ ಚರ್ಚೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಶಾಲೆಗೆ ನುಗ್ಗಿದ ಹಂತಕ. ಆದರೆ ಸಾವಿನ ದೊಡ್ಡ ಪಾಲು ಒಬ್ಬೊಬ್ಬರೇ, ತಮ್ಮದೇ ಕೋಣೆಯಲ್ಲಿ ಆಗುವಂಥದ್ದು.

ಮನೆಯಲ್ಲಿ ಬಂದೂಕಿದ್ದರೆ ಆ ಮನೆಯವರ ಅಪಾಯ ಏರುತ್ತದೆಯೇ, ಇಳಿಯುತ್ತದೆಯೇ? ವೈದ್ಯ ಆರ್ಥರ್ ಕೆಲರ್‌ಮನ್ 1993ರಲ್ಲಿ, ಬಂದೂಕಿರುವ ಮನೆಯಲ್ಲಿ ಕೊಲೆಯಾಗುವ ಸಂಭವ 2.7 ಪಟ್ಟು ಹೆಚ್ಚು ಎಂದು ತೋರಿಸಿದರು. ಅಪಾಯದಲ್ಲಿರುವವರೇ ಬಂದೂಕು ಕೊಳ್ಳುತ್ತಾರೆ, ಹಾಗಾಗಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಟೀಕೆ ಬಂತು. ನ್ಯಾಯವಾದ ಟೀಕೆ ಅದು. ಅದಕ್ಕೆ ಉತ್ತರ ಇನ್ನಷ್ಟು ಸಂಶೋಧನೆಯಾಗಬೇಕಿತ್ತು. ಆದದ್ದು ತದ್ವಿರುದ್ಧ. 1996ರಲ್ಲಿ ಅರ್ಕಾನ್ಸಾದ ಸಂಸದ ಜೇ ಡಿಕಿ ಮುಂದಿಟ್ಟ, ಸಂಶೋಧನೆಯ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದೆಂಬ ತಿದ್ದುಪಡಿಯ ಜೊತೆಗೆ ರೋಗ ನಿಯಂತ್ರಣ ಕೇಂದ್ರದ 26 ಲಕ್ಷ ಡಾಲರ್ ಅನುದಾನಕ್ಕೂ ಕತ್ತರಿ ಬಿತ್ತು, ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕೇಂದ್ರ ಬಂದೂಕಿನ ತಂಟೆಗೇ ಹೋಗಲಿಲ್ಲ. ಡಿಕಿ ಆಮೇಲೆ ಪಶ್ಚಾತ್ತಾಪಪಟ್ಟು, ಸಂಶೋಧನೆ ನಡೆಯಬೇಕೆಂದು 2012ರಲ್ಲಿ ಬಹಿರಂಗವಾಗಿ ಬರೆದರು. ಕೇಂದ್ರ ಸರ್ಕಾರದ ಹಣ ಮತ್ತೆ ಹರಿದದ್ದು 2020ರ ಬಜೆಟ್‌ನಲ್ಲಿ. ವಿಜ್ಞಾನದಲ್ಲಿ ಉತ್ತರ ತಪ್ಪಾಗುವುದು ಸಹಜ, ಪ್ರಶ್ನೆಗೇ ಬೀಗ ಹಾಕುವುದು ಅಷ್ಟು ಸಹಜವಲ್ಲ.

ಈ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಟಡರ್ಟ್ ತಂಡ ಯಾರನ್ನೂ ಏನನ್ನೂ ಕೇಳದೆ ಎಣಿಸುವ ದಾರಿ ಹಿಡಿಯಿತು. ಆ ರಾಜ್ಯದಲ್ಲಿ ಪಿಸ್ತೂಲು ಖರೀದಿ ದಾಖಲಾಗುತ್ತದೆ, ಮತದಾರರ ಪಟ್ಟಿ ಇದೆ, ಮರಣ ದಾಖಲೆ ಇದೆ. ಮೂರನ್ನೂ ಬೆಸೆದು 2.6 ಕೋಟಿ ವಯಸ್ಕರನ್ನು 2004ರಿಂದ 2016ರವರೆಗೆ ಹಿಂಬಾಲಿಸಿದರು. ಪಿಸ್ತೂಲು ಹೊಂದಿದ ಪುರುಷರಲ್ಲಿ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಉಳಿದ ಪುರುಷರಿಗಿಂತ ಸುಮಾರು 8 ಪಟ್ಟು, ಮಹಿಳೆಯರಲ್ಲಿ 35 ಪಟ್ಟು. 2022ರಲ್ಲಿ ಬಂದ ಮುಂದಿನ ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಅದು ಸ್ವತಃ ಪಿಸ್ತೂಲು ಇಲ್ಲದ, ಆದರೆ ಪಿಸ್ತೂಲು ಉಳ್ಳವರ ಜೊತೆ ಬಾಳುವವರ ಲೆಕ್ಕ. ಅವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲೇ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು, ಬಲಿಯಾದವರಲ್ಲಿ ಶೇ 84 ಮಹಿಳೆಯರು. ಹೊರಗಿನವರು ನುಗ್ಗಿ ಮಾಡುವ ಕೊಲೆಯಿಂದ ಪಿಸ್ತೂಲು ಅವರನ್ನು ಕಾಪಾಡಿತು ಎನ್ನಲು ಸ್ಪಷ್ಟ ಪುರಾವೆ ಸಿಗಲಿಲ್ಲ. ಅಪಾಯದಲ್ಲಿರುವವರೇ ಕೊಳ್ಳುತ್ತಾರೆ ಎಂಬ ಟೀಕೆಯನ್ನು ಇದೂ ಪೂರ್ತಿ ಅಳಿಸುವುದಿಲ್ಲ. ಆದರೆ ಬಂದೂಕಲ್ಲದ ವಿಧಾನಗಳಿಂದ ಆಗುವ ಆತ್ಮಹತ್ಯೆ ಪಿಸ್ತೂಲುಳ್ಳವರಲ್ಲಿ ಹೆಚ್ಚಿರಲಿಲ್ಲ ಎಂಬ ಅಂಶ ಆ ಟೀಕೆಯ ಹಲ್ಲು ಮೊಂಡು ಮಾಡುತ್ತದೆ. ಇವರೆಲ್ಲ ಮೊದಲೇ ಸಾಯಲು ನಿರ್ಧರಿಸಿದ್ದವರಾಗಿದ್ದರೆ ಬೇರೆ ದಾರಿಗಳಲ್ಲೂ ಏರಿಕೆ ಕಾಣಬೇಕಿತ್ತು.

ಸಾಯಬೇಕೆಂಬ ಆವೇಗ ಹೆಚ್ಚಾಗಿ ಕೆಲವು ಗಂಟೆಗಳದ್ದು. ಆ ಗಂಟೆಗಳಲ್ಲಿ ಕೈಗೆ ಏನು ಎಟುಕುತ್ತದೆ ಎಂಬುದೇ ಬದುಕು ಸಾವಿನ ನಡುವಿನ ವ್ಯತ್ಯಾಸ. ಇಸ್ರೇಲ್ ಸೇನೆ 2006ರಲ್ಲಿ, ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂದು ನಿಯಮ ಮಾಡಿತು. ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳು, ಉಳಿದ ದಿನಗಳ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲಿಗೆ ಹಣ ಕಟ್ಟಿದ ಮೇಲೆ ಅದು ಕೈಗೆ ಬರಲು ಹತ್ತು ದಿನ ಕಾಯಬೇಕು. ಸ್ಟಡರ್ಟ್ ತಂಡದ ಲೆಕ್ಕದಲ್ಲಿ ಅಪಾಯ ಅತಿ ಹೆಚ್ಚು ಇದ್ದದ್ದು ಮೊದಲ ಪಿಸ್ತೂಲು ಕೈಸೇರಿದ ಹೊಸದರಲ್ಲಿ. ಮಾಲೀಕರ ಬಂದೂಕು ಆತ್ಮಹತ್ಯೆಗಳಲ್ಲಿ ಶೇ 14 ಮೊದಲ ತಿಂಗಳಲ್ಲೇ ಆಗಿದ್ದವು. ಕಾಯುವ ಅವಧಿಯನ್ನು ಹಿಗ್ಗಿಸಿದರೆ ಇವುಗಳಲ್ಲಿ ಕೆಲವನ್ನು ತಡೆಯಬಹುದೇನೋ. ಅರ್ಧಕ್ಕಿಂತ ಹೆಚ್ಚು, ಶೇ 52, ಖರೀದಿಯಾಗಿ ಒಂದು ವರ್ಷ ಕಳೆದ ಮೇಲಿನವು. ಕಳ್ಳನಿಗೆಂದು ಕೊಂಡ ಪಿಸ್ತೂಲು ಕಳ್ಳನೇ ಬಾರದೆ ಬೀರುವಿನಲ್ಲಿ ಕುಳಿತಿದ್ದ ಮನೆಗಳು ಅವು. ಅಂಗಡಿಯ ಕಟ್ಟೆಯಲ್ಲಿ ಕಾಯಿಸುವ ಯಾವ ಕಾನೂನೂ ಅಲ್ಲಿಗೆ ತಲುಪುವುದಿಲ್ಲ. ತಮಗೋ ಇತರರಿಗೋ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವವರ ಬಂದೂಕನ್ನು ನ್ಯಾಯಾಲಯದ ಆದೇಶದ ಮೇಲೆ ಕೆಲಕಾಲ ತೆಗೆದಿಡುವ ಕಾನೂನು ಕನೆಕ್ಟಿಕಟ್‌ನಲ್ಲಿ 1999ರಲ್ಲೇ ಬಂತು, ಕ್ಯಾಲಿಫೋರ್ನಿಯಾದಲ್ಲೂ 2016ರಿಂದ ಜಾರಿಯಲ್ಲಿದೆ. ಅದನ್ನು ಬಳಸಲು ಮನೆಯವರೋ ಪೊಲೀಸರೋ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.